ಒಲವಿನ ಪದದಲ್ಲಿ ಹೂವು, ಹೊಳೆ, ಮಳೆ: ಪದದ ಊರು ಹಿಡಿಯುವುದು ಹೇಗೆ?

‘ಅಜ್ಜಿ ಹೇಳುತ್ತಿದ್ದ ಪದ (ಹಳ್ಳಿ ಹಾಡು) ರೆಕಾರ್ಡ್ ಮಾಡಿಕೊಂಡಿದ್ದೇನೆ. ಇದು ಮಲೆನಾಡಿನದೋ ಬಯಲುಸೀಮೆಯದೋ, ಹೇಗೆ ಹೇಳುವುದು?’ ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಜಾನಪದದಲ್ಲಿ ಎಂ.ಎ. ಮಾಡುವವರು ಕೇಳುತ್ತಾರೆ, ಮಕ್ಕಳಿಂದ ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರುಗಳು ಕೇಳುತ್ತಾರೆ, ಬೆಂಗಳೂರಲ್ಲಿ ಕೆಲಸದಲ್ಲಿದ್ದು ಹಬ್ಬಕ್ಕೆ ಊರಿಗೆ ಹೋದಾಗ ಮೊಬೈಲ್ ಹಿಡಿದುಕೊಂಡು ಕೂತವರೂ ಕೇಳುತ್ತಾರೆ. ಅದರ ಬೆನ್ನಿಗೇ ಎರಡನೆಯ ಪ್ರಶ್ನೆ: ‘ಸಂಪಿಗೆ ಬಂದರೆ ಮಲೆನಾಡು, ಹೊಂಗೆ ಬಂದರೆ ಬಯಲುಸೀಮೆ ಅಂತ ಬರೆದರೆ ಸಾಕಲ್ಲವಾ?’

ಸಾಲದು. ಹೂವಿನ ಹೆಸರು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಸಂಪಿಗೆ ಕಾಣದ ಊರಲ್ಲೂ ಸಂಪಿಗೆ ಎಸಳಿನ ಮೂಗಿನ ಹುಡುಗಿ ಪದದಲ್ಲಿ ಇದ್ದೇ ಇರುತ್ತಾಳೆ. ಆದರೆ ಆ ಹೂವನ್ನು ಯಾವ ತಿಂಗಳಲ್ಲಿ, ಯಾರು, ಯಾವ ಕೆಲಸದ ನಡುವೆ ಕಿತ್ತರು, ಕಿತ್ತು ಏನು ಮಾಡಿದರು ಎನ್ನುವುದು ಅಷ್ಟು ಸುಲಭಕ್ಕೆ ಊರು ಬಿಟ್ಟು ಹೋಗುವುದಿಲ್ಲ. ಈ ಲೇಖನದಲ್ಲಿ ಹೇಳುವ ವಿಧಾನವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ಉದಾಹರಣೆಗೆ ಕೊಟ್ಟ ಎರಡು ತ್ರಿಪದಿಗಳನ್ನು ನಾನೇ ಕಟ್ಟಿದ್ದೇನೆ. ಯಾರೂ ಅವನ್ನು ಜನಪದ ಎಂದುಕೊಂಡು ಎಲ್ಲೂ ಸೇರಿಸಬೇಡಿ.

ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ಮೊಬೈಲು, ಸಾಧ್ಯವಾದರೆ ಒಂದು ಕಾಲರ್ ಮೈಕು. ರೂಲ್ ಹಾಕಿದ ನೋಟ್‌ಬುಕ್. ಮಳೆ ನಕ್ಷತ್ರಗಳ ದಿನಾಂಕವಿರುವ ಪಂಚಾಂಗ. ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದ್ದರೆ ಧಾರಾಳವಾಯಿತು. ಎರಡೂ ಜಿಲ್ಲೆಯ ತಾಲ್ಲೂಕು ನಕ್ಷೆ. ಇವೆಲ್ಲಕ್ಕಿಂತ ಮುಖ್ಯವಾಗಿ ಗಿಡ ಮರ ಬಲ್ಲ ಒಬ್ಬ ಮನುಷ್ಯ. ದನ ಮೇಯಿಸಿದವರು, ನಾಟಿ ಔಷಧ ಕೊಡುವವರು, ತೋಟದಲ್ಲಿ ಹತ್ತಿಪ್ಪತ್ತು ವರ್ಷ ದುಡಿದ ಹೆಂಗಸರು ಯಾರಾದರೂ ಆದೀತು. ಸಸ್ಯಶಾಸ್ತ್ರದ ಪುಸ್ತಕಕ್ಕಿಂತ ಇವರ ಮಾತು ಬೇಗ ಕೆಲಸಕ್ಕೆ ಬರುತ್ತದೆ.

ಮುಂದೆ ಬರುವ ಕೆಲವು ಮಾತುಗಳ ಅರ್ಥ ಇಲ್ಲೇ ಹೇಳಿಬಿಡುತ್ತೇನೆ. ‘ತ್ರಿಪದಿ’ ಎಂದರೆ ಮೂರು ಸಾಲಿನ ಪದ್ಯ. ಬೀಸುವ ಪದ, ಕುಟ್ಟುವ ಪದಗಳಲ್ಲಿ ಹೆಚ್ಚಿನವು ಇದರಲ್ಲೇ ಇವೆ. ಶಾಸ್ತ್ರದ ಪ್ರಕಾರ ಸಾಲಿಗೆ ನಾಲ್ಕು, ನಾಲ್ಕು, ಮೂರು ಎಂದು ಒಟ್ಟು 11 ಗಣ. ಹಾಡುವವರು ಎಳೆದು ಮೊಟಕಿಸಿ ಸರಿ ಮಾಡಿಕೊಳ್ಳುವುದರಿಂದ ನೀವು ಗಣ ಎಣಿಸುತ್ತಾ ಕೂರಬೇಕಿಲ್ಲ. ‘ಸೋಬಾನೆ’ ಮದುವೆ, ಒಸಗೆಯ ಪದ.

1. ಜಿಲ್ಲೆಯ ಗೆರೆ ಬಿಡಿ, ಮಳೆಯ ಗೆರೆ ಎಳೆಯಿರಿ

‘ಹಾಸನ ಜಿಲ್ಲೆಯ ಜನಪದ ಗೀತೆಗಳಲ್ಲಿ ಪ್ರಕೃತಿ’ ಎಂಬ ಶೀರ್ಷಿಕೆ ಇಟ್ಟುಕೊಂಡು ಹೊರಟವರು ಮೊದಲ ವಾರದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಯಾಕೆಂದರೆ ಆ ಒಂದು ಜಿಲ್ಲೆಯೊಳಗೆ ಎರಡು ಲೋಕ ಇವೆ. ಸಕಲೇಶಪುರ, ಆಲೂರು ಮಲೆನಾಡು. ಅರಸೀಕೆರೆ, ಚನ್ನರಾಯಪಟ್ಟಣ ತೆಂಗು, ರಾಗಿಯ ಬಯಲು. ಬೇಲೂರು, ಅರಕಲಗೂಡು ಅರ್ಧ ಆ ಕಡೆ ಅರ್ಧ ಈ ಕಡೆ. ಚಿಕ್ಕಮಗಳೂರಿನದೂ ಇದೇ ಕತೆ: ಶೃಂಗೇರಿ, ಕೊಪ್ಪ, ಕಳಸ, ಮೂಡಿಗೆರೆ, ನರಸಿಂಹರಾಜಪುರ ಒಂದು ಕಡೆಯಾದರೆ ಕಡೂರು, ಅಜ್ಜಂಪುರ ಇನ್ನೊಂದು ಕಡೆ, ತರೀಕೆರೆ ನಡುವೆ. ಕಡೂರು, ಅರಸೀಕೆರೆಯಲ್ಲಿ ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಮಳೆಯಾದರೆ ಅದೇ ಒಳ್ಳೆಯ ವರ್ಷ. ಶೃಂಗೇರಿ ಕಡೆ 3,000 ದಾಟುವುದು ಮಾಮೂಲು. ಅರಸೀಕೆರೆಯ ಪದ ಸಕಲೇಶಪುರದ ಪದಕ್ಕಿಂತ ಕಡೂರಿನ ಪದಕ್ಕೇ ಹತ್ತಿರ. ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಮಲೆನಾಡು, ಅರೆಮಲೆನಾಡು, ಬಯಲು ಎಂದು ಮೂರು ಪಟ್ಟೆ ಬರೆದುಕೊಳ್ಳಿ.

ಹೊಳೆಗಳನ್ನೂ ಗುರುತು ಹಾಕಿ. ಹೇಮಾವತಿ ಮೂಡಿಗೆರೆಯ ಜಾವಳಿ ಹತ್ತಿರ ಹುಟ್ಟಿ ಸಕಲೇಶಪುರ ಹಾದು ಗೊರೂರು, ಹೊಳೆನರಸೀಪುರಕ್ಕೆ ಬರುತ್ತದೆ. ಯಗಚಿ ಚಂದ್ರದ್ರೋಣದ ಬೆಟ್ಟಸಾಲಿನಿಂದ ಇಳಿದು ಚಿಕ್ಕಮಗಳೂರು, ಬೇಲೂರು ದಾಟಿ ಹೇಮಾವತಿಗೆ ಸೇರುತ್ತದೆ. ವೇದಾವತಿ ಅದೇ ಬೆಟ್ಟದ ನೀರನ್ನು ಕಡೂರಿನ ಕಡೆ ಒಯ್ಯುತ್ತದೆ. ಪದದಲ್ಲಿ ‘ಹೇಮಾವತಿ’ ಬಂತು ಎಂದಾಕ್ಷಣ ಏನೂ ತೀರ್ಮಾನವಾಗುವುದಿಲ್ಲ ಎನ್ನುವುದಕ್ಕೆ ಇದೇ ಕಾರಣ: ಆ ಹೊಳೆ ಮೂರೂ ಪಟ್ಟೆಯಲ್ಲಿದೆ. ಹುಡುಗಿ ಅದನ್ನು ಹೇಗೆ ದಾಟಿದಳು ಎಂದು ನೋಡಿ. ಸಂಕದ ಮೇಲೆ (ಹಳ್ಳಕ್ಕೆ ಅಡ್ಡ ಹಾಕಿದ ಮರದ ಕಾಲುದಾರಿ) ದಾಟಿದ್ದರೆ ಒಂದು, ದೋಣಿ ಕಡವಿನಲ್ಲಿ ಕಾದಿದ್ದರೆ ಇನ್ನೊಂದು, ನಾಲೆ ಏರಿಯ ಮೇಲೆ ನಡೆದಿದ್ದರೆ ಮತ್ತೊಂದು.

2. ‘ಪ್ರೀತಿ ಪದ ಹೇಳಿ’ ಎಂದು ಕೇಳಬೇಡಿ

ಹಾಗೆ ಕೇಳಿದರೆ ಎರಡರಲ್ಲಿ ಒಂದಾಗುತ್ತದೆ. ಅಜ್ಜಿ ನಾಚಿ ‘ಅವೆಲ್ಲ ಏನೂ ಇಲ್ಲ ಕಣಪ್ಪ’ ಎನ್ನುತ್ತಾರೆ, ಇಲ್ಲವೇ ರೇಡಿಯೊದಲ್ಲಿ ಕೇಳಿದ ಹಾಡೊಂದನ್ನು ಹೇಳಿ ಕಳಿಸುತ್ತಾರೆ. ಹಳ್ಳಿಯಲ್ಲಿ ಒಲವಿಗೆ ಅಂತ ಬೇರೆ ಪೆಟ್ಟಿಗೆ ಇಲ್ಲ. ಅದು ಕೆಲಸದ ಪದದೊಳಗೆ, ಸೋಬಾನೆಯೊಳಗೆ, ಕೋಲಾಟದೊಳಗೆ ಅಡಗಿರುತ್ತದೆ. ಆದ್ದರಿಂದ ಕೆಲಸ ಹಿಡಿದು ಕೇಳಿ:

‘ಅಜ್ಜೀ, ರಾಗಿ ಬೀಸೋವಾಗ ಯಾವ್ ಪದ ಹೇಳ್ತಿದ್ರಿ? ನಾಟಿಗೆ ಬೇರೆ ಇತ್ತಾ?’

‘ನಾಟಿಗೆ ಬ್ಯಾರೆ ಕಣ್ ಮಗಾ. ಅದು ಬಗ್ಗ್ಕೊಂಡ್ ಹೇಳೋದು, ಉಸ್ರು ಹಿಡ್ಯಲ್ಲ. ಸಣ್ಸಣ್ದಾಗ್ ಹೇಳ್ಬೇಕು.’

ಇಂಥ ಒಂದು ಉತ್ತರದಲ್ಲಿ ಅರ್ಧ ಅಧ್ಯಾಯದ ಸಾಮಗ್ರಿ ಇದೆ. ನಾಟಿಯ ಪದದ ಸಾಲು ಯಾಕೆ ಗಿಡ್ಡ, ಅದರಲ್ಲಿ ವರ್ಣನೆ ಯಾಕೆ ಕಮ್ಮಿ, ಛೇಡಿಸುವುದು ಯಾಕೆ ಜಾಸ್ತಿ ಎನ್ನುವುದಕ್ಕೆ ಬಗ್ಗಿದ ಬೆನ್ನೇ ಕಾರಣ. ಬೀಸುಕಲ್ಲಿನ ಮುಂದೆ ಕೂತವಳಿಗೆ ಹೊತ್ತಿದೆ, ಅವಳು ಒಂದು ಹೂವಿನ ಸುತ್ತ ಹತ್ತು ತ್ರಿಪದಿ ತಿರುಗಿಸಬಲ್ಲಳು.

ಮೂರು ವಿವರ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ: ಹಾಡಿದವರು ಈಗಿರುವ ಊರು, ಅವರ ತವರೂರು, ಆ ಪದ ಯಾರಿಂದ ಬಂತು. ತವರೂರು ಕೇಳದೆ ಬಂದರೆ ಇಡೀ ರೆಕಾರ್ಡಿಂಗ್ ಅರ್ಧ ಬೆಲೆ ಕಳೆದುಕೊಂಡಂತೆ. ಕೊಪ್ಪದಿಂದ ಕಡೂರಿಗೆ ಮದುವೆಯಾಗಿ ಬಂದ ಹೆಂಗಸು ಬಯಲಿನಲ್ಲಿ ಕೂತು ಅಡಿಕೆ ತೋಟದ ಪದ ಹೇಳುತ್ತಾಳೆ. ನೀವು ಅದನ್ನು ‘ಕಡೂರಿನ ಪದದಲ್ಲಿ ಅಡಿಕೆಯ ಪ್ರತಿಮೆ’ ಎಂದು ಬರೆದರೆ ಮುಗಿಯಿತು. ತೋಟದ ಕೂಲಿಗೆ ಬಂದವರ ವಿಷಯದಲ್ಲೂ ಇದೇ ಎಚ್ಚರ ಬೇಕು. ಕಾಫಿ ಕೊಯ್ಲಿಗೆ ಬಯಲಿನಿಂದ ಜನ ಮೇಲೆ ಬರುತ್ತಾರೆ, ಘಟ್ಟದ ಕೆಳಗಿನಿಂದಲೂ ತಮಿಳುನಾಡಿನಿಂದಲೂ ಬಂದು ಲೈನ್ ಮನೆಗಳಲ್ಲಿ (ತೋಟದ ಕೂಲಿಯವರ ಸಾಲು ಮನೆ) ನೆಲೆಸಿದವರಿದ್ದಾರೆ. ಒಂದೇ ಲೈನಿನಲ್ಲಿ ಮೂರು ಸೀಮೆಯ ಪದ ಸಿಕ್ಕರೆ ಗಾಬರಿ ಬೇಡ.

ರೆಕಾರ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋನ್ ಫ್ಲೈಟ್ ಮೋಡಿನಲ್ಲಿರಲಿ, ಫ್ಯಾನು ಟಿ.ವಿ. ಆಫ್ ಆಗಿರಲಿ. ಆ್ಯಪಿನಲ್ಲಿ ಆಯ್ಕೆಯಿದ್ದರೆ ಎಂಪಿ3 ಬದಲು ಡಬ್ಲ್ಯುಎವಿ ಇಡಿ. ಶುರುವಿಗೆ ನಿಮ್ಮ ದನಿಯಲ್ಲೇ ದಿನಾಂಕ, ಊರು ಹೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ಕೂರಿ; ‘ಆಹಾ, ಚೆನ್ನಾಗಿದೆ’ ಎಂದು ನಡುವೆ ಬಾಯಿ ಹಾಕಿದರೆ ಸಾಲು ತಪ್ಪುತ್ತದೆ.

3. ಕೇಳಿದ್ದನ್ನು ತಿದ್ದದೆ ಬರೆಯಿರಿ

‘ಊವ’ ಎಂದು ಕೇಳಿದರೆ ‘ಊವ’ ಎಂದೇ ಬರೆಯಬೇಕು. ‘ಒಳೆ’ಯನ್ನು ಹೊಳೆ ಮಾಡಬೇಡಿ, ‘ಬತ್ತೀನಿ’ಯನ್ನು ಬರುತ್ತೇನೆ ಮಾಡಬೇಡಿ. ಹಕಾರ ಬಿಡುವುದು, ‘ಮೇಲೆ’ ಎನ್ನುವುದು ‘ಮ್ಯಾಲೆ’ ಆಗುವುದು ಸೀಮೆಯ ಗುರುತು; ಅದನ್ನು ತಿದ್ದಿದವರು ಸಾಕ್ಷಿಯನ್ನು ತಾವೇ ಅಳಿಸಿದ ಹಾಗೆ. ಶಿಷ್ಟ ರೂಪ ಬೇಕೆನಿಸಿದರೆ ಪಕ್ಕದ ಕಾಲಮ್ಮಿನಲ್ಲಿ ಇರಲಿ. ಅರ್ಥವಾಗದ ಶಬ್ದಕ್ಕೆ ಊಹೆಯ ಶಬ್ದ ತುಂಬಬೇಡಿ, ಖಾಲಿ ಬಿಟ್ಟು ಸಮಯ ಬರೆದಿಡಿ (‘3 ನಿಮಿಷ 12 ಸೆಕೆಂಡ್’ ಎಂದು).

ಟೈಪ್ ಮಾಡುವವರಿಗೊಂದು ಮಾತು: ಹಳೆಯ ನುಡಿ ಫಾಂಟಿನಲ್ಲಿ ಮಾಡಿಟ್ಟದ್ದು ಬೇರೆಯವರ ಕಂಪ್ಯೂಟರಿನಲ್ಲಿ ಹುಳುಹುಳುವಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಮೊದಲಿನಿಂದಲೇ ಯೂನಿಕೋಡಿನಲ್ಲಿ ಮಾಡಿ.

4. ಹೂವಿನ ಪಟ್ಟಿ ಅಲ್ಲ, ಹೂವಿನ ಕೆಲಸದ ಪಟ್ಟಿ

ಇದು ಮುಖ್ಯ ಹಂತ, ಇಲ್ಲಿ ಹೊತ್ತು ಕೊಡಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮ್ ಹಾಕಿ: ಪದದಲ್ಲಿ ಬಂದ ಗಿಡ, ಹಕ್ಕಿ ಅಥವಾ ನೀರು; ಅದು ಏನು ಮಾಡುತ್ತಿದೆ; ಆ ಕೆಲಸ ಯಾವ ತಿಂಗಳಲ್ಲಿ ನಡೆಯುತ್ತದೆ; ಅದರ ಜತೆ ಮನುಷ್ಯರ ಯಾವ ಕೆಲಸ ಇದೆ. ಹೆಚ್ಚಿನವರು ಮೊದಲ ಕಾಲಮ್ ತುಂಬಿ ನಿಲ್ಲಿಸುತ್ತಾರೆ. ಅದಕ್ಕೇ ಪ್ರಬಂಧಗಳೆಲ್ಲ ‘ಮಲ್ಲಿಗೆ, ಸಂಪಿಗೆ, ಕೇದಿಗೆ, ಚಂದ್ರ, ನವಿಲು’ ಎಂಬ ಒಂದೇ ಪಟ್ಟಿಯಾಗಿಬಿಡುತ್ತವೆ.

ಮಾದರಿ ಒಂದು:

ಸುರಗೀಯ ಸರಮಾಡಿ ಸೂರೀಗೆ ಕಟ್ಟೀನಿ
ಮರಳಿ ಬಾ ರಾಯ ಸಂಕಾವ | ದಾಟ್ಕೊಂಡು
ಸುರಿವ ಆರಿದ್ರೆಗೆ ಮೊದಲಾಗಿ

ಮೊದಲ ಕಾಲಮ್ಮಿಗೆ ಸುರಗಿ, ಸಂಕ, ಆರಿದ್ರೆ ಮಳೆ (ಆರ್ದ್ರಾ ನಕ್ಷತ್ರದ ಮಳೆ). ಎರಡನೆಯದರಲ್ಲಿ ವಿಷಯ ಬಿಚ್ಚಿಕೊಳ್ಳುತ್ತದೆ. ಸುರಗಿ ಬಿಡುವುದು ಬೇಸಗೆಯ ದಿನಗಳಲ್ಲಿ. ಬಿಳಿ ಎಸಳು, ನಡುವೆ ಹಳದಿ ಕೇಸರ. ಅದರ ವಿಶೇಷ ಎಂದರೆ ಒಣಗಿ ಕಂದಾದ ಮೇಲೂ ವಾಸನೆ ಹೋಗುವುದಿಲ್ಲ. ಅದಕ್ಕೇ ಸರ ಮಾಡಿ ಒಣಗಿಸಿ ಇಟ್ಟುಕೊಳ್ಳುತ್ತಾರೆ. ಅಂದರೆ ಇಲ್ಲಿ ಹೆಣ್ಣು ಕಾಯುತ್ತಿರುವುದು ಒಂದು ರಾತ್ರಿಯಲ್ಲ. ಗಂಡ ಹೋದಾಗ ಹೂ ಹಸಿಯಾಗಿತ್ತು, ಈಗ ಮಳೆಗಾಲ ಬಾಗಿಲಿಗೆ ಬಂದಿದೆ, ಹೂ ಒಣಗಿದೆ, ವಾಸನೆ ಉಳಿದಿದೆ. ಇದೇ ಜಾಗದಲ್ಲಿ ಮಲ್ಲಿಗೆ ಇಟ್ಟು ನೋಡಿ: ಪದ ಕೆಡುತ್ತದೆ. ಮಲ್ಲಿಗೆ ಬೆಳಗಾಗುವಷ್ಟರಲ್ಲಿ ಬಾಡುವ ಹೂ. ಅದು ಬಂದರೆ ಮುನಿಸು, ಒಂದು ರಾತ್ರಿಯ ಕಾಯುವಿಕೆ, ‘ಮುಡಿಯಲ್ಲೇ ಬಾಡಿತು’ ಎಂಬ ದೂರು. ಕಾಯುವ ಹೊತ್ತಿನ ಉದ್ದವನ್ನು ಹೂವೇ ಹೇಳುತ್ತದೆ. ಮೂರನೆಯ ಕಾಲಮ್ಮಿಗೆ ಬೇಸಗೆಯಿಂದ ಜೂನ್ ಮೂರನೇ ವಾರದವರೆಗೆ. ನಾಲ್ಕನೆಯದಕ್ಕೆ: ಆರಿದ್ರೆ ಹಿಡಿದರೆ ಹಳ್ಳ ತುಂಬಿ ಸಂಕ ಮುಳುಗುತ್ತದೆ, ದಾರಿ ಕಟ್ಟುತ್ತದೆ. ಮೂರೂ ಕೊಂಡಿ ಒಂದಕ್ಕೊಂದು ಸೇರಿದವು. ಇಂಥ ಪದ ಸಿಕ್ಕರೆ ಮಲೆನಾಡಿನದು ಎಂದು ಧೈರ್ಯವಾಗಿ ಹೇಳಬಹುದು. ಹೇಳಿಸಿದ್ದು ಸುರಗಿ ಒಂದೇ ಅಲ್ಲ. ಸುರಗಿ, ಸಂಕ, ಆರಿದ್ರೆ ಮೂರೂ ಒಂದೇ ಕಾಲಕ್ಕೆ ಒಂದೇ ನೆಲದಲ್ಲಿ ಕೂಡಿದ್ದು.

ಮಾದರಿ ಎರಡು:

ಕೆರೆಏರಿ ಮ್ಯಾಲೀನ ಹೊಂಗೆಯ ನೆಳಲಾಗೆ
ಕರೆದಾನೆ ಭಾವ ಎಳನೀರು | ಕೆತ್ತಿಟ್ಟು
ಕರಿಯೆತ್ತು ನೀರು ಕುಡಿವಾಗ

ಹೊಂಗೆ ಎರಡೂ ಕಡೆ ಇದೆ, ಅದನ್ನು ಬದಿಗಿಡಿ. ಕೆರೆ ಏರಿ, ನೆರಳಿನ ಬೆಲೆ, ಎತ್ತಿಗೆ ನೀರು ಕುಡಿಸುವ ಹೊತ್ತು, ಕೆತ್ತಿಟ್ಟ ಎಳನೀರು ಇವೆಲ್ಲ ಸೇರಿ ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಕಡೆ ಬೊಟ್ಟು ಮಾಡುತ್ತವೆ. ನೆರಳು ಇಲ್ಲಿ ಪ್ರೇಮದ ಜಾಗ. ಮಲೆನಾಡಿನ ಪದದಲ್ಲಿ ನೆರಳಿಗಾಗಿ ಯಾರೂ ಹಂಬಲಿಸುವುದನ್ನು ನಾನು ಹೆಚ್ಚು ಕೇಳಿಲ್ಲ. ಅಲ್ಲಿ ಹಂಬಲ ಬಿಸಿಲಿಗೆ, ಬೆಚ್ಚನೆಯ ಒಲೆಗೆ, ಕಂಬಳಿ ಕೊಪ್ಪೆಯೊಳಗೆ ಇಬ್ಬರಿಗೂ ಜಾಗ ಇದೆಯೇ ಎನ್ನುವುದಕ್ಕೆ.

ಹಕ್ಕಿಗಳಿಗೂ ಇದೇ ಪರೀಕ್ಷೆ. ಗಿಳಿ, ಕೋಗಿಲೆ ಬಂದರೆ ಏನೂ ಹೇಳಲಾಗದು, ಅವು ಎಲ್ಲ ಪದಕ್ಕೂ ಬಿಟ್ಟಿ ಅತಿಥಿಗಳು. ಗೀಜಗ ಬಂದರೆ ನಿಂತು ನೋಡಿ. ಬಾವಿಯ ಮೇಲೆ ಬಾಗಿದ ಜಾಲಿಗೋ ಈಚಲಿಗೋ ಗೂಡು ನೇಯುವುದು ಗಂಡು ಹಕ್ಕಿ. ಅರ್ಧ ನೇಯ್ದು ರೆಕ್ಕೆ ಬಡಿದು ಕರೆಯುತ್ತದೆ, ಹೆಣ್ಣು ಬಂದು ಒಳಹೊಕ್ಕು ನೋಡುತ್ತದೆ, ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ‘ಗೂಡು ಕಟ್ಟಿ ಕೂಗಿದರೆ ಬಂದೇನಾ?’ ಎಂದು ಹುಡುಗಿ ಬಿಂಕ ಮಾಡುವ ಸಾಲು ಸಿಕ್ಕರೆ ಅದು ಹಕ್ಕಿಯನ್ನು ನೋಡಿ ಕಟ್ಟಿದ್ದು, ಕೇಳಿ ಕಟ್ಟಿದ್ದಲ್ಲ. ನೋಡಿದ್ದಕ್ಕೂ ಕೇಳಿದ್ದಕ್ಕೂ ಇರುವ ಈ ವ್ಯತ್ಯಾಸ ಹಿಡಿಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ಸೀಮೆ ಗುರುತಿಸಲು ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಬಯಲಿನ ಹೂಗಳನ್ನು ಸಂಗ್ರಹಕಾರರು ಕಡೆಗಣಿಸುತ್ತಾರೆ ಎನ್ನುವುದು ನನ್ನ ತಕರಾರು. ಹುಚ್ಚೆಳ್ಳು ಹೂ ರಾಗಿ ಹೊಲದ ಅಂಚಿಗೆ ಹಳದಿ ಕಟ್ಟುವುದು, ಮಾಗಿಯ ಚಳಿಯಲ್ಲಿ ಅವರೆಕಾಯಿಯ ಸೊಗಡು, ಎಲೆ ಉದುರಿಸಿ ನಿಂತ ಮುತ್ತುಗ ಬೇಸಗೆಗೆ ಮುಂಚೆ ಕೆಂಪಾಗಿ ಹೂ ಬಿಡುವುದು, ರಸ್ತೆ ಬದಿಯ ತಂಗಡಿ ಇವೆಲ್ಲ ಪದಗಳಲ್ಲಿ ಇವೆ. ಆದರೆ ‘ಕಾವ್ಯಮಯ’ವಾಗಿ ಕಾಣುವುದಿಲ್ಲವೆಂದು ಪಟ್ಟಿಯಿಂದ ಬಿದ್ದುಹೋಗುತ್ತವೆ. ಅವರೆಯ ಸೊಗಡು ಮೈಗೆ ಅಂಟಿದೆ ಎಂದು ಹುಡುಗ ಛೇಡಿಸುವುದರಲ್ಲಿರುವ ಸಲಿಗೆ ಕೇದಿಗೆಯಲ್ಲಿ ಬರುವುದಿಲ್ಲ.

ಇನ್ನು ಕಾಫಿ. ಬಾಬಾಬುಡನ್ ಏಳು ಬೀಜ ತಂದರೆಂಬ ಐತಿಹ್ಯ 17ನೇ ಶತಮಾನದ್ದು. ತೋಟಗಳು ದೊಡ್ಡದಾಗಿ ಹಬ್ಬಿದ್ದು 19ನೇ ಶತಮಾನದಲ್ಲಿ. ಹೀಗಾಗಿ ಪದದಲ್ಲಿ ಕಾಫಿ ಹೂ ಬಂದರೆ ಆ ನುಡಿ (ಪದದ ಒಂದು ಚರಣ) ತೀರಾ ಹಳೆಯದಲ್ಲ ಎನ್ನಬಹುದು. ಎಚ್ಚರ: ಆ ನುಡಿ ಮಾತ್ರ, ಇಡೀ ಪದವಲ್ಲ. ಹಳೆಯ ಪದಕ್ಕೆ ಹೊಸ ನುಡಿ ಸೇರಿಸುವುದು ದಿನದ ಮಾತು. ಹೂಮಳೆ (ಬೇಸಗೆಯಲ್ಲಿ ಕಾಫಿ ಮೊಗ್ಗು ಅರಳಿಸುವ ಮಳೆ) ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಒಮ್ಮೆಗೇ ಬಂದು ಬೇಗ ಹೋಗುವ ಒಲವಿಗೆ ಅದು ಹೇಳಿ ಮಾಡಿಸಿದ ಪ್ರತಿಮೆ. ಆದರೆ ಕಾಫಿಯ ಪದಗಳಲ್ಲಿ ಹೂವಿಗಿಂತ ರೈಟರು (ತೋಟದ ಗುಮಾಸ್ತ), ಮೇಸ್ತ್ರಿ, ಹಣ್ಣಿನ ಬುಟ್ಟಿ, ವಾರದ ಬಟವಾಡೆಯೇ ಹೆಚ್ಚು ಕಾಣಿಸಿಕೊಂಡರೆ ಆಶ್ಚರ್ಯ ಬೇಡ. ಹೂ ನೋಡುವುದು ಮಾಲೀಕನ ಸಂತೋಷ. ಹಣ್ಣು ಕೊಯ್ಯುವುದು ಹಾಡುವವಳ ಕೆಲಸ. ಸಿಲ್ವರ್ ಮರ, ಲಂಟಾನದ ಪೊದೆ ಬಂದರೂ ಹೊಸ ನುಡಿ ಎಂದೇ ಬರೆದುಕೊಳ್ಳಿ, ಬಿಸಾಡಬೇಡಿ.

5. ಮಳೆಯ ಹೆಸರನ್ನು ತಿಂಗಳಿಗೆ ತಿರುಗಿಸಿ

ರೈತರ ಮಳೆಗಳು 27 ನಕ್ಷತ್ರದ ಲೆಕ್ಕದವು, ಒಂದೊಂದಕ್ಕೆ 13-14 ದಿನ. ಅಂದಾಜು ಹೀಗೆ: ಅಶ್ವಿನಿ ಏಪ್ರಿಲ್ ಮಧ್ಯದಿಂದ, ಭರಣಿ ಏಪ್ರಿಲ್ ಕೊನೆಗೆ, ಕೃತ್ತಿಕೆ ಮೇ ಎರಡನೇ ವಾರ, ರೋಹಿಣಿ ಮೇ ಕೊನೆ, ಮೃಗಶಿರ ಜೂನ್ ಎರಡನೇ ವಾರ, ಆರಿದ್ರೆ ಜೂನ್ 21-22ರಿಂದ, ಪುನರ್ವಸು ಜುಲೈ ಮೊದಲ ವಾರ, ಪುಷ್ಯ ಜುಲೈ ಮೂರನೇ ವಾರ, ಆಶ್ಲೇಷ ಆಗಸ್ಟ್ ಶುರು, ಮಖೆ ಆಗಸ್ಟ್ ನಡು, ಹುಬ್ಬೆ ಆಗಸ್ಟ್ ಕೊನೆ, ಉತ್ತರೆ ಸೆಪ್ಟೆಂಬರ್ ನಡು, ಹಸ್ತ ಸೆಪ್ಟೆಂಬರ್ ಕೊನೆ, ಚಿತ್ತೆ ಅಕ್ಟೋಬರ್ ಎರಡನೇ ವಾರ, ಸ್ವಾತಿ ಅಕ್ಟೋಬರ್ ಕೊನೆ. ಆ ವರ್ಷದ ಖಚಿತ ದಿನಕ್ಕೆ ಪಂಚಾಂಗ ನೋಡಿ.

ತಿಂಗಳು ಗೊತ್ತಾದ ಮೇಲೆ ಕೇಳಬೇಕಾದ ಪ್ರಶ್ನೆ: ಈ ಮಳೆ ಪ್ರೇಮಿಗಳಿಗೆ ಏನು ಮಾಡಿತು? ನಾನು ಕೇಳಿದ ಮಟ್ಟಿಗೆ ಹೇಳುವುದಾದರೆ ಮಲೆನಾಡಿನ ಪದದಲ್ಲಿ ಮಳೆ ಅಡ್ಡಗೋಡೆ. ಹೊಳೆ ತುಂಬುತ್ತದೆ, ದಾರಿ ಕಟ್ಟುತ್ತದೆ, ತವರಿಗೆ ಹೋದವಳು ಬರಲಾಗುವುದಿಲ್ಲ, ಗೊರಬು (ಮಳೆಗೆ ತಲೆ, ಬೆನ್ನು ಮುಚ್ಚುವ ಹೊದಿಕೆ) ಹೊತ್ತು ನಾಟಿಗೆ ಹೋದವನು ಮುಖ ಕಾಣುವುದಿಲ್ಲ. ಬಯಲಿನ ಪದದಲ್ಲಿ ಮಳೆ ಕರೆದುಕೊಂಡು ಬರುವ ನೆಂಟ: ಮಳೆ ಬಂದರೆ ಬಿತ್ತನೆ, ಬಿತ್ತನೆಯಾದರೆ ಬೆಳೆ, ಬೆಳೆ ಬಂದರೆ ಮದುವೆ. ಮಳೆ ಬಾರದಿದ್ದರೆ ನಲ್ಲನೂ ಕೂಲಿ ಹುಡುಕಿ ಘಟ್ಟಕ್ಕೆ ಹೋಗಿಬಿಡುತ್ತಾನೆ. ಒಂದೇ ಆರಿದ್ರೆ ಒಂದು ಕಡೆ ಅಗಲಿಸುತ್ತದೆ, ಇನ್ನೊಂದು ಕಡೆ ಕೂಡಿಸುತ್ತದೆ. ನಿಮ್ಮ ಸಂಗ್ರಹದಲ್ಲಿ ಇದಕ್ಕೆ ಅಪವಾದ ಸಿಕ್ಕರೆ ಬಿಡಬೇಡಿ, ಆ ಪದವನ್ನೇ ಇನ್ನಷ್ಟು ಕೆದಕಿ. ಅರೆಮಲೆನಾಡಿನಲ್ಲಿ, ಅಂದರೆ ಬೇಲೂರು, ತರೀಕೆರೆ ಸುತ್ತ, ಎರಡೂ ಬಗೆ ಒಟ್ಟಿಗೇ ಸಿಗುವ ಸಂಭವ ಜಾಸ್ತಿ.

ಹಬ್ಬ, ಜಾತ್ರೆಗಳೂ ತಿಂಗಳು ಹೇಳುತ್ತವೆ. ಹಾಸನಾಂಬೆಯ ಬಾಗಿಲು ತೆಗೆಯುವುದು ಆಶ್ವಯುಜದಲ್ಲಿ, ವರ್ಷಕ್ಕೊಮ್ಮೆ. ಬಿಂಡಿಗದ ದೇವೀರಮ್ಮನ ಬೆಟ್ಟ ಹತ್ತುವುದು ದೀಪಾವಳಿಯ ಕತ್ತಲಲ್ಲಿ. ಬೇಲೂರು ಚೆನ್ನಕೇಶವನ ತೇರು ಚೈತ್ರದಲ್ಲಿ. ಇವುಗಳ ಜತೆ ಬಂದ ಹೂವು ಆ ತಿಂಗಳಲ್ಲಿ ನಿಜವಾಗಿ ಅರಳುತ್ತದೆಯೇ ಎಂದು ಗಿಡ ಬಲ್ಲವರನ್ನು ಕೇಳಿ.

6. ಊರ ಹೆಸರನ್ನು ನಂಬುವ ಮುಂಚೆ ಪ್ರಾಸ ನೋಡಿ

ಹೆಚ್ಚಿನವರು ಜಾರಿ ಬೀಳುವುದು ಇಲ್ಲಿ. ತ್ರಿಪದಿಯಲ್ಲಿ ಸಾಲಿನ ಎರಡನೆಯ ಅಕ್ಷರ ಒಂದಕ್ಕೊಂದು ಹೊಂದಬೇಕು. ಮೇಲಿನ ಮಾದರಿಗಳಲ್ಲಿ ಸುರಗಿ, ಮರಳಿ, ಸುರಿವ. ಕೆರೆ, ಕರೆದಾನೆ, ಕರಿಯೆತ್ತು. ಈ ಕಟ್ಟಿಗೆ ಸಿಕ್ಕಿದ ಹೆಸರು ಹಾಡುವವರ ನೆಲದಿಂದ ಬಂದಿರಬೇಕೆಂದಿಲ್ಲ, ಅಕ್ಷರ ಹೊಂದಿತು ಎಂದೂ ಬಂದಿರಬಹುದು. ‘ಬಾಲೆ’, ‘ಸಾಲಾಗಿ’ ಇರುವ ಕಡೆ ‘ಬೇಲೂರು’ ಓಡಿಬಂದು ಕೂರುತ್ತದೆ. ‘ಮಾಸಿದ’, ‘ಆಸೆಗೆ’ ಎಂದರೆ ‘ಹಾಸನ’ ಸಿದ್ಧವಾಗಿರುತ್ತದೆ. ಹೂವಿನ ಹೆಸರಿಗೂ ಇದೇ ಮಾತು.

ಹಾಗಾಗಿ ನಿಯಮ ಇಷ್ಟು: ಸಾಲಿನ ಮೊದಲಲ್ಲಿ ಪ್ರಾಸದ ಜಾಗದಲ್ಲಿ ನಿಂತ ಹೆಸರು ಸಡಿಲ ಸಾಕ್ಷಿ. ಸಾಲಿನ ನಡುವೆ, ಪ್ರಾಸದ ಹಂಗಿಲ್ಲದೆ ಬಂದ ಹೆಸರು ಗಟ್ಟಿ ಸಾಕ್ಷಿ. ಊರು ಚಿಕ್ಕದಾದಷ್ಟೂ ಇನ್ನೂ ಗಟ್ಟಿ. ಬೇಲೂರಿನ ತೇರು ಹತ್ತು ತಾಲ್ಲೂಕಿನ ಪದಗಳಲ್ಲಿ ಸಾಗುತ್ತದೆ, ಆದರೆ ಮೂವತ್ತು ಮನೆಯ ಹಳ್ಳಿಯ ಕೆರೆಕೋಡಿಯ ಹೆಸರು ದೂರದವರಿಗೆ ಗೊತ್ತಿರುವುದಿಲ್ಲ.

ನೀರಾವರಿ ಬಂದು ನೆಲವೇ ಬದಲಾದ ಕಡೆ ಇನ್ನೊಂದು ಬಗೆಯ ಎಚ್ಚರ ಬೇಕು. ಗೊರೂರು ಅಣೆಕಟ್ಟು ಮುಗಿದದ್ದು 1979ರಲ್ಲಿ. ಆಮೇಲೆ ಹೇಮಾವತಿ ನಾಲೆಯಡಿ ಗದ್ದೆ ಕಂಡ ಹಳ್ಳಿಗಳಲ್ಲಿ ನಾಟಿಯ ಪದ ಸಿಕ್ಕರೆ ಅದು ನಾಟಿಗೆ ಬಂದ ಕೂಲಿಯವರ ಜತೆ ಬಂದಿರಬಹುದು. ಆದರೆ ಹೊಳೆನರಸೀಪುರದ ಕಡೆ ಅದಕ್ಕೂ ಮುಂಚಿನ ಕಟ್ಟೆ, ನಾಲೆಗಳಿದ್ದವು. ಕೆರೆ ಕೆಳಗಿನ ಗದ್ದೆಯಂತೂ ಎಲ್ಲೆಲ್ಲೂ ಇತ್ತು. ‘ನಿಮ್ಮೂರಲ್ಲಿ ಗದ್ದೆ ಯಾವಾಗ ಆಯ್ತು, ನೀರು ಎಲ್ಲಿಂದ?’ ಎಂದು ಒಂದು ಮಾತು ಕೇಳಿದರೆ ತೊಡಕು ಬಿಡುತ್ತದೆ.

7. ಯಾರು ಯಾರಿಗೆ ಹೇಳಿದ್ದು?

ಪದದಲ್ಲಿ ‘ರಾಯ’ ಎಂದಿದ್ದರೆ ಹೆಚ್ಚಿನ ಪಾಲು ಗಂಡ. ‘ಭಾವ’, ‘ಮಾವ’, ‘ಅತ್ತೆ ಮಗ’ ಎಂದಿದ್ದರೆ ಸೋದರಿಕೆಯ ನಂಟು, ಮದುವೆಯಾಗಬಹುದಾದವನು. ಛೇಡಿಸಲು ಅಲ್ಲಿ ಪರವಾನಗಿ ಇದೆ. ‘ಗೆಣೆಯ’, ‘ಗೆಣೆಕಾರ’ ಬಂದರೆ ಮನೆಯವರ ಕಣ್ಣು ತಪ್ಪಿಸಿದ ಸ್ನೇಹ. ಜಾಗವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ: ರಾಯ ಹಿತ್ತಲಲ್ಲಿ, ಭಾವ ಕೆರೆ ಏರಿಯಲ್ಲಿ ಎಲ್ಲರೆದುರಿಗೆ, ಗೆಣೆಯ ಕಬ್ಬಿನ ಗದ್ದೆಯಲ್ಲೋ ಕಾನಿನ ಅಂಚಿನಲ್ಲೋ. ಇದನ್ನು ಗಮನಿಸದೆ ಎಲ್ಲರನ್ನೂ ‘ಪ್ರಿಯಕರ’ ಎಂದು ಬರೆದರೆ ಪದದ ಅರ್ಧ ರುಚಿ ಹೋಯಿತು.

ಜೇನು, ಕಬ್ಬು, ಬೇಲಿ ಹಾರಿದ ದನ, ಕದ್ದ ಸೌತೆಕಾಯಿ ಬಂದಾಗ ಕೂಟದಲ್ಲಿ ನಗು ಕೇಳಿಸಿತೇ ಎಂದು ಬರೆದುಕೊಳ್ಳಿ. ನಗುವೇ ಟಿಪ್ಪಣಿ. ಅರ್ಥ ಬಿಡಿಸಿ ಹೇಳಿ ಎಂದು ಗಂಡಸರ ಮುಂದೆ, ಮಕ್ಕಳ ಮುಂದೆ ಒತ್ತಾಯ ಮಾಡಬೇಡಿ. ಹೆಂಗಸರೇ ಕೂತಾಗ ಹೆಂಗಸರು ಕೇಳಿದರೆ ತಾನಾಗಿ ಬರುತ್ತದೆ.

8. ಇನ್ನೊಂದು ಬಾಯಿಂದ ಕೇಳಿ, ಮುದ್ರಿತವಾದುದನ್ನೂ ನೋಡಿ

ಒಂದೇ ಪದ ಕನಿಷ್ಠ ಬೇರೆ ಎರಡು ಊರಿನಲ್ಲಿ ಸಿಗುತ್ತದೆಯೇ ಹುಡುಕಿ. ಸಿಕ್ಕಾಗ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ಎದುರುಬದುರು ಬರೆಯಿರಿ. ಹೂ ಬದಲಾಗಿ ಕೆಲಸ ಹಾಗೇ ಉಳಿದಿದ್ದರೆ ಕೆಲಸದ ಊರೇ ಮೂಲಕ್ಕೆ ಹತ್ತಿರ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಹೇಮಾವತಿ ದಡದ ಹಳ್ಳಿಗಳ ಪದಗಳನ್ನು ಕಳೆದ ಶತಮಾನದ ಮೊದಲರ್ಧದಲ್ಲೇ ಕೂಡಿಸಿದ್ದರು; ಸಕಲೇಶಪುರದ ಎಸ್.ಕೆ. ಕರೀಂಖಾನ್ ಬದುಕಿಡೀ ಊರೂರು ತಿರುಗಿ ಹಾಡಿದರು, ಹಾಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಿಭಾಗ, ರಾಮನಗರದ ಜಾನಪದ ಲೋಕ, ಹಾವೇರಿ ಜಿಲ್ಲೆ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯಗಳಲ್ಲಿ ಸಂಗ್ರಹಗಳಿವೆ. ಮುದ್ರಿತ ಪಠ್ಯದಲ್ಲಿ ಸಂಪಾದಕರು ಭಾಷೆ ತಿದ್ದಿರುವುದು ಉಂಟು, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಕ್ಯಾಸೆಟ್ಟಿನ ಕಾಲದಲ್ಲಿ ಬರೆದ ‘ಜಾನಪದ ಶೈಲಿ’ಯ ಹಾಡುಗಳೂ ಈಗ ಅಜ್ಜಿಯರ ಬಾಯಲ್ಲಿ ಸೇರಿವೆ. ತಾಳ ಎಲ್ಲೂ ಕದಲದಿದ್ದರೆ, ಸಾಲು ಎಲ್ಲೂ ಬದಲಾಗದಿದ್ದರೆ, ಪ್ರಕೃತಿಯೆಲ್ಲ ಮಲ್ಲಿಗೆ ಚಂದ್ರಗಳಲ್ಲೇ ಮುಗಿದಿದ್ದರೆ ಸಂಶಯ ಇರಲಿ.

ಕೊನೆಗೆ ಪ್ರತಿ ಪದದ ಪಕ್ಕ ‘ಗಟ್ಟಿ’, ‘ಸಡಿಲ’, ‘ಹೇಳಲಾಗದು’ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ‘ಹೇಳಲಾಗದು’ ಅರ್ಧಕ್ಕಿಂತ ಹೆಚ್ಚು ಬಂದರೆ ಸಂಕೋಚ ಬೇಡ. ಎಲ್ಲವೂ ‘ಗಟ್ಟಿ’ ಬಂದರೆ ಮೊದಲಿನಿಂದ ಇನ್ನೊಮ್ಮೆ ನೋಡಿ.

9. ಹೊರಗೆ ಹಾಕುವ ಮುನ್ನ

ಪರಂಪರೆಯ ಪದಕ್ಕೆ ಒಬ್ಬ ಕರ್ತೃ ಇಲ್ಲದಿರಬಹುದು, ಆದರೆ ಹಾಡಿದ ದನಿಗೆ ಒಡೆಯರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುಗಾರರಿಗೆ ‘ಪ್ರದರ್ಶಕರ ಹಕ್ಕು’ ಎಂದೇ ಇದೆ, ಅದರ ಅವಧಿ 50 ವರ್ಷ. ಯೂಟ್ಯೂಬಿಗೆ ಹಾಕುತ್ತೀರಾದರೆ ಹಾಗೆಂದೇ ಬಿಡಿಸಿ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಓದು ಬರಹ ಬಾರದವರಾದರೆ ಒಪ್ಪಿಗೆಯ ಮಾತನ್ನೇ ರೆಕಾರ್ಡ್ ಮಾಡಿ. ‘ನಂಗೇನ್ ಗೊತ್ತಾಯ್ತದೆ, ನೀವೇ ಮಾಡ್ಕಳಿ’ ಎನ್ನುವುದು ಒಪ್ಪಿಗೆಯಲ್ಲ. ಪೋಲಿ ನುಡಿಗಳನ್ನು ಹೆಸರಿಲ್ಲದೆ ಹಾಕುವುದೋ ಹಾಕದೇ ಇಡುವುದೋ ಎಂದು ಅವರನ್ನೇ ಕೇಳಿ. ಜಾತಿ ಹೆಸರು ಹಿಡಿದು ಹಂಗಿಸುವ ಸಾಲು ಬಂದರೆ ಸಂಗ್ರಹದಲ್ಲಿ ಹಾಗೇ ಇಟ್ಟು, ಪ್ರಕಟಿಸುವಾಗ ವಿವರಣೆ ಕೊಡದೆ ಬಿಡಬೇಡಿ.

ಫೈಲಿನ ಹೆಸರಿನಲ್ಲಿ ಊರು, ದಿನಾಂಕ, ಪದದ ಮೊದಲ ಎರಡು ಶಬ್ದ ಇರಲಿ. ಒಂದು ಪ್ರತಿ ಮೊಬೈಲಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ಹಾಡಿದವರ ಮನೆಗೂ ಒಂದು ಪ್ರತಿ ಕೊಡಿ. ವಾಟ್ಸ್ಆ್ಯಪಿನಲ್ಲಿ ಆಡಿಯೊ ಆಗಿ ಕಳಿಸಿದರೆ ದನಿ ಕುಗ್ಗಬಹುದು. ಅಟ್ಯಾಚ್‌ಮೆಂಟಿನಲ್ಲಿ ‘ಡಾಕ್ಯುಮೆಂಟ್’ ಆರಿಸಿ ಕಳಿಸಿದರೆ ಹೇಗಿತ್ತೋ ಹಾಗೇ ಹೋಗುತ್ತದೆ.